ಮೈ ಅವರದು, ಫೋಟೋ ಯಾರದು?

ಹೋದ ವರ್ಷ ದೀಪಾವಳಿ ಪಾಡ್ಯದ ಪೂಜೆ ಮುಗಿಸಿ ಅಡತಿ ಅಂಗಡಿಯ ಗಾದಿಯ ಮೇಲೆ ಕೂತಿದ್ದೆ. ಅಣ್ಣನ ಮಗ ಗೋವಾಕ್ಕೆ ಹೋಗಿ ಬಂದಿದ್ದ. ಗೆಳೆಯರಿಗೆ ಮೊಬೈಲ್ ತೋರಿಸಿ ನಗುತ್ತಿದ್ದ. ನಾನೂ ಇಣುಕಿದೆ. ಕಡಲಂಚಿನ ಒಂದು ಮೂಲೆಯಲ್ಲಿ ವಿದೇಶಿ ಹೆಂಗಸೊಬ್ಬಳು ಮೈಮೇಲಿನ ಬಟ್ಟೆ ತೆಗೆದು ಬಿಸಿಲು ಕಾಯಿಸುತ್ತ ಮಲಗಿದ್ದಳು. ದೂರದಿಂದ, ಬಂಡೆಯ ಮರೆಯಿಂದ ತೆಗೆದ ವಿಡಿಯೋ. ಅದು ಅಷ್ಟರಲ್ಲೇ ನಮ್ಮ ಊರಿನ ವಾಟ್ಸಾಪ್ ಗುಂಪಿಗೂ ಬಿದ್ದಿತ್ತು. ಗದರಿಸಿದೆ. ಹುಡುಗ ಸಹಜವಾಗಿಯೇ ಕೇಳಿದ:

"ಕಾಕಾ, ಆಕಿ ತಾನಾ ಬಿಚ್ಚಿ ಮಲಗ್ಯಾಳ. ನಾವ್ ತೆಗದ್ರ ಏನ್ ತಪ್ಪು?"

ಪ್ರಶ್ನೆ ಸಣ್ಣದಲ್ಲ. ಉತ್ತರ ಹೇಳಲು ನನಗೆ ಆ ಕ್ಷಣ ಬಾಯಿ ಬರಲಿಲ್ಲ. ಯಾಕೆಂದರೆ 1984ರಲ್ಲಿ ನಾನೂ ಅದೇ ಕಡಲ ದಂಡೆಯಲ್ಲಿ ನಿಂತಿದ್ದೆ. ಅಕ್ಕಲಕೋಟೆ ಕಡೆಯ ನಾವು ಹತ್ತಾರು ಮಂದಿ ಸೇರಿ ಬಸ್ಸು ಮಾಡಿಕೊಂಡು ಹೋಗಿದ್ದೆವು. ಮನೆಯಲ್ಲಿ ಹೇಳಿದ್ದು ಮಂಗೇಶಿ, ಶಾಂತಾದುರ್ಗೆಯ ದರ್ಶನ. ದರ್ಶನ ಮಾಡಿದ್ದೂ ನಿಜ, ಆದರೆ ಬಸ್ಸು ಹೊರಟಿದ್ದು ಅಂಜುಣಾದ ಹಿಪ್ಪಿಗಳನ್ನು ನೋಡಲಿಕ್ಕೆ. ನಮ್ಮಲ್ಲೊಬ್ಬನ ಹತ್ತಿರ ಕ್ಯಾಮೆರಾ ಇತ್ತು. ಕ್ಲಿಕ್ ಎಂದ ಕೂಡಲೇ ಆ ಹೆಂಗಸು ಎದ್ದು ಬಟ್ಟೆ ಸುತ್ತಿಕೊಂಡು ನೇರ ನಮ್ಮ ಬಳಿ ಬಂದಳು. ಬಯ್ಯಲಿಲ್ಲ. ಕೈ ಚಾಚಿ ರೋಲ್ ಕೇಳಿದಳು. ನಾವು ನಕ್ಕು ಓಡಿಬಂದೆವು. ಆಕೆಯ ಚಾಚಿದ ಕೈ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಇಂದಿನ ಲೇಖನ ಆ ಕೈಗೆ ಕೊಡಬೇಕಾಗಿದ್ದ ಲೆಕ್ಕ ಎಂದುಕೊಳ್ಳಿ.

ಬತ್ತಲೆ ನಮಗೆ ಹೊಸದೇನಲ್ಲ

ಬತ್ತಲೆ ಎಂದರೆ ಪರದೇಶದ ಹೊಲಸು ಎಂದು ಮೂಗು ಮುರಿಯುವ ಮೊದಲು ನಮ್ಮ ಮನೆಯಂಗಳ ನೋಡಿಕೊಳ್ಳಬೇಕು. ಶ್ರವಣಬೆಳಗೊಳದಲ್ಲಿ ಸಾವಿರ ವರ್ಷದಿಂದ ಬಾಹುಬಲಿ ನಿಂತಿದ್ದಾನೆ. ಅವನ ಮುಂದೆ ಯಾರೂ ನಾಚಿದ್ದು ನಾನು ಕಂಡಿಲ್ಲ. ಸೊಲ್ಲಾಪುರ, ಸಾಂಗ್ಲಿ, ಬೆಳಗಾವಿ ಸೀಮೆಯ ಪೇಟೆಗಳಲ್ಲಿ ದಿಗಂಬರ ಮುನಿಗಳು ನಡೆದು ಹೋದರೆ ವ್ಯಾಪಾರಿಗಳು ಗಾದಿ ಬಿಟ್ಟು ಇಳಿದು ಕೈ ಮುಗಿಯುತ್ತಾರೆ. ಉಡುತಡಿಯ ಅಕ್ಕನನ್ನು ಇಡೀ ಕನ್ನಡ ನಾಡೇ ತಾಯಿ ಎಂದಿದೆ. ಅಂದಮೇಲೆ ಬಟ್ಟೆ ಇಲ್ಲದ ಮೈಯೇ ಅಸಹ್ಯ ಎಂಬುದು ನಮ್ಮ ಪರಂಪರೆಯ ಮಾತಲ್ಲ. ಮುನಿಗಳದ್ದು ಎಲ್ಲ ಬಿಟ್ಟವರ ಬತ್ತಲೆ. ಕಡಲ ದಂಡೆಯದ್ದು ಬಿಸಿಲು-ಗಾಳಿ ಬೇಕೆನ್ನುವವರ ಬತ್ತಲೆ. ಎರಡೂ ಒಂದೇ ಅಲ್ಲ. ಆದರೆ ಎರಡರಲ್ಲೂ ನೋಡುವವನನ್ನು ಕೆರಳಿಸುವ ಉದ್ದೇಶವಿಲ್ಲ.

ಈ ಎರಡನೆಯ ಬಗೆಗೆ ನ್ಯಾಚುರಿಸಂ ಎನ್ನುತ್ತಾರೆ. ಇದು ಜರ್ಮನಿ, ಫ್ರಾನ್ಸ್‌ಗಳಲ್ಲಿ ಬೆಳೆದ ಚಳವಳಿ. ಆದರೆ ಇಂಥ ಮೊಟ್ಟಮೊದಲ ಸಂಘವೆಂದು ಇತಿಹಾಸಕಾರರು ಗುರುತಿಸುವುದು ನಮ್ಮ ಪಕ್ಕದ ಠಾಣೆಯದನ್ನು! 1891ರಲ್ಲಿ ಮುಂಬಯಿ ಇಲಾಖೆಯ ಜಿಲ್ಲಾ ನ್ಯಾಯಾಧೀಶ ಚಾರ್ಲ್ಸ್ ಕ್ರಾಫರ್ಡ್ ಎಂಬ ಇಂಗ್ಲಿಷ್ ಅಧಿಕಾರಿ 'ಫೆಲೋಶಿಪ್ ಆಫ್ ದಿ ನೇಕೆಡ್ ಟ್ರಸ್ಟ್' ಎಂದು ಹೆಸರಿಟ್ಟು ಅದನ್ನು ಕಟ್ಟಿದ. ಸದಸ್ಯರು ಅವನೂ ಸೇರಿ ಮೂವರು. ಸಂಘ ಹೆಚ್ಚು ಕಾಲ ಬಾಳಲಿಲ್ಲ. ಅದರ ಸುದ್ದಿ ಉಳಿದಿರುವುದು ಇಂಗ್ಲೆಂಡಿನ ಲೇಖಕ ಎಡ್ವರ್ಡ್ ಕಾರ್ಪೆಂಟರ್‌ಗೆ ಅವನು ಬರೆದ ಪತ್ರಗಳಲ್ಲಿ.

ಯುರೋಪಿನಲ್ಲಿ ಈ ಮಂದಿ ತಮ್ಮದೇ ಕಡಲ ದಂಡೆ, ಶಿಬಿರ, ಕ್ಲಬ್ಬು ಮಾಡಿಕೊಂಡರು. 1953ರಲ್ಲಿ ಫ್ರಾನ್ಸಿನ ಮೊಂತಲಿವೆಯಲ್ಲಿ ಅವರ ಅಂತರರಾಷ್ಟ್ರೀಯ ಒಕ್ಕೂಟವೇ ಹುಟ್ಟಿತು. ನಮ್ಮ ಗಮನಕ್ಕೆ ಬರಬೇಕಾದ್ದು ಅವರ ರೂಢಿಯ ಒಂದು ಕಟ್ಟಳೆ. ಬಟ್ಟೆ ಬಿಚ್ಚುವ ಜಾಗದಲ್ಲಿ ಕೇಳದೆ ಕ್ಯಾಮೆರಾ ಬಿಚ್ಚುವಂತಿಲ್ಲ. ಅಂದರೆ ಪೂರಾ ಬತ್ತಲೆ ಇರುವವರೇ ಫೋಟೋ ವಿಷಯದಲ್ಲಿ ಎಲ್ಲರಿಗಿಂತ ಬಿಗಿ. ಇದು ವಿಚಿತ್ರವೆನಿಸಬಹುದು, ಆದರೆ ಹೊಲದ ಲೆಕ್ಕದಲ್ಲಿ ನೋಡಿ. ಬದುವಿನ ಮೇಲೆ ಹೋಗುವವನು ನಮ್ಮ ತೊಗರಿ ಬೆಳೆ ನೋಡಬಹುದು, ಹೊಗಳಬಹುದು. ಹೂ ಉದುರಿದರೆ ಆಡಿಕೊಳ್ಳಲೂಬಹುದು. ಕೊಯ್ದುಕೊಂಡು ಹೋಗಿ ಪೇಟೆಗೆ ಹಾಕುವಂತಿಲ್ಲ. ಕಣ್ಣಿಗೆ ಬಿದ್ದದ್ದೆಲ್ಲ ಒಯ್ಯಲಿಕ್ಕೆ ಬಿಟ್ಟದ್ದಲ್ಲ.

ಹುಡುಗನ ಪ್ರಶ್ನೆಗೆ ಮೊದಲ ಉತ್ತರ ಇದೇ.

ಚಂದ್ರಗುತ್ತಿಯಲ್ಲಿ ಆದದ್ದು

ಕ್ಯಾಮೆರಾ ಬಂದರೆ ಬತ್ತಲೆಯ ಅರ್ಥವೇ ಹೇಗೆ ಬದಲಾಗುತ್ತದೆ ಎಂಬುದನ್ನು ಕರ್ನಾಟಕ 1986ರಲ್ಲಿಯೇ ಕಂಡಿತು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಜಾತ್ರೆ. ಹರಕೆ ಹೊತ್ತವರು ವರದಾ ಹೊಳೆಯಲ್ಲಿ ಮುಳುಗೆದ್ದು ಬತ್ತಲೆಯಾಗಿ ಗುಡ್ಡದ ಗುಡಿಗೆ ಓಡುವ ಸೇವೆ. ಹೆಚ್ಚಿನವರು ಬಡವರು, ಹಿಂದುಳಿದವರು, ದಲಿತರು. ಅದಕ್ಕೂ ಮೊದಲಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಫೋಟೋಗಳು ಬಂದವು. ಫೋಟೋ ನೋಡಿದವರು ಮರುವರ್ಷ ಭಕ್ತಿಯಿಲ್ಲದೆ ಬಂದರು, ಬರೀ ನೋಡಲಿಕ್ಕೆ. ಸೇವೆ ಎಂಬುದು ತಮಾಷೆಯಾಯಿತು.

ಇದನ್ನು ನಿಲ್ಲಿಸಬೇಕೆಂದು ಹೊರಟ ದಲಿತ ಸಂಘರ್ಷ ಸಮಿತಿಯವರಿಗೆ ಬಲವಾದ ಕಾರಣವಿತ್ತು. ಹರಕೆಯ ಹೆಸರಿನಲ್ಲಿ ಮಾನ ಕಳೆದುಕೊಳ್ಳುವವಳು ಯಾವಾಗಲೂ ನಮ್ಮ ಕೇರಿಯ ಹೆಣ್ಣುಮಗಳೇ ಯಾಕೆ ಎಂದು ಅವರು ಕೇಳಿದರು. ಅದು ಇವತ್ತಿಗೂ ನಿಲ್ಲುವ ಪ್ರಶ್ನೆ. 1986ರ ಮಾರ್ಚ್ 20ರಂದು ತಡೆಯಲು ಹೋದವರ ಮೇಲೆ ಭಕ್ತರ ಗುಂಪು ತಿರುಗಿಬಿತ್ತು. ಕಾರ್ಯಕರ್ತರು, ಪೊಲೀಸರು ಪೆಟ್ಟು ತಿಂದರು. ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಬಿಚ್ಚಿಸಿ ಮೆರೆಸಿದರು. ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ವಿಚಾರಣೆ ನಡೆಸಿ ವರದಿ ಕೊಟ್ಟರು. ಯು.ಆರ್. ಅನಂತಮೂರ್ತಿಯವರು ಈ ಘಟನೆಯ ಸುತ್ತ ಬರೆದ ಇಂಗ್ಲಿಷ್ ಪ್ರಬಂಧ ಬಹಳ ಚರ್ಚೆಯಾಯಿತು.

ನಾನು ಆ ಸೇವೆಯ ಪರವಾಗಿ ವಾದಿಸುತ್ತಿಲ್ಲ. ನಿಂತದ್ದೇ ಒಳ್ಳೆಯದಾಯಿತು. ನನ್ನ ಮಾತು ಬೇರೆ. ಹರಕೆಯ ಹೆಂಗಸು ದೇವಿಗೆ ಮೈ ಒಪ್ಪಿಸಿದ್ದಳು. ಫೋಟೋದವನಿಗೆ ಒಪ್ಪಿಸಿರಲಿಲ್ಲ. ಸಂಪ್ರದಾಯವೂ ಅವಳನ್ನು ಕೇಳಲಿಲ್ಲ, ಕ್ಯಾಮೆರಾವೂ ಕೇಳಲಿಲ್ಲ.

ರೋಲ್ ಹೋಗಿ ಮೊಬೈಲ್ ಬಂತು

ನಮ್ಮ 1984ರ ಫೋಟೋದ ಗತಿ ಏನಾಯಿತು? ರೋಲ್ ತೊಳೆಯಲು ಸ್ಟುಡಿಯೋಕ್ಕೆ ಕೊಡಬೇಕು. ಸ್ಟುಡಿಯೋದವನು ನೋಡುತ್ತಾನೆ ಎಂಬ ಹೆದರಿಕೆಯಲ್ಲಿ ಎರಡು ತಿಂಗಳು ಹಾಗೇ ಇತ್ತು. ಕೊನೆಗೆ ಒಂದೇ ಪ್ರತಿ ಬಂತು. ನಾಲ್ಕು ಅಂಗಡಿ ಸುತ್ತಿ ಎಲ್ಲೋ ಹರಿದು ಹೋಯಿತು. ಅಲ್ಲಿಗೆ ಮುಗಿಯಿತು. ತಪ್ಪು ತಪ್ಪೇ, ಆದರೆ ಅದಕ್ಕೆ ಒಂದು ಕೊನೆ ಇತ್ತು.

ಈಗ ಕೊನೆಯೆಂಬುದಿಲ್ಲ. ತೆಗೆದ ವಿಡಿಯೋ ಒಂದು ಕ್ಷಣದಲ್ಲಿ ಗುಂಪಿಗೆ ಹೋಗುತ್ತದೆ. ಗುಂಪಿನಲ್ಲಿದ್ದವರ ಮೊಬೈಲ್‌ನಲ್ಲಿ ಅವರು ಕೇಳದಿದ್ದರೂ ತಾನೇ ಇಳಿದು ಗ್ಯಾಲರಿಯಲ್ಲಿ ಕೂರುತ್ತದೆ. ಅಲ್ಲಿಂದ ಕಂಪನಿಯ ದೂರದ ಸರ್ವರ್‌ನಲ್ಲಿ ಮತ್ತೊಂದು ಪ್ರತಿ. ಮೊಬೈಲ್‌ನಿಂದ ಅಳಿಸಿದರೂ ಅಲ್ಲಿ ಉಳಿದಿರಬಹುದು. ಟೆಲಿಗ್ರಾಂನಲ್ಲಿ ಒಂದೇ ಗುಂಪಿಗೆ ಎರಡು ಲಕ್ಷ ಮಂದಿ ಸೇರಬಹುದು. ನಾವು ನಾಲ್ಕು ಅಂಗಡಿ ಸುತ್ತಿಸಿದ್ದನ್ನು ಇವತ್ತಿನ ಹುಡುಗ ನಾಲ್ಕು ದೇಶ ಸುತ್ತಿಸುತ್ತಾನೆ, ಕೂತಲ್ಲಿಂದಲೇ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಈಗ ಬತ್ತಲೆ ಫೋಟೋಕ್ಕೆ ಬತ್ತಲೆ ಮೈಯೇ ಬೇಕಿಲ್ಲ. 2019ರಲ್ಲಿ ಬಟ್ಟೆ ಹಾಕಿದ ಹೆಂಗಸಿನ ಚಿತ್ರವನ್ನು ಬತ್ತಲೆ ಮಾಡುವ ಒಂದು ತಂತ್ರಾಂಶ ಹೊರಬಂತು. ಗದ್ದಲವಾಗಿ ಮಾಡಿದವರೇ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. ಆದರೆ ವಿದ್ಯೆ ಹರಡಿಬಿಟ್ಟಿತ್ತು.

ನಮ್ಮ ರೈತರಿಗೂ ಸಣ್ಣ ವ್ಯಾಪಾರಿಗಳಿಗೂ ಇದರ ಬಿಸಿ ತಟ್ಟಿದ್ದು ಸಾಲದ ಆ್ಯಪುಗಳಿಂದ. ಐದು-ಹತ್ತು ಸಾವಿರಕ್ಕೆ ಮೊಬೈಲ್‌ನಲ್ಲಿ ಬೆರಳು ಒತ್ತಿದರೆ ಸಾಲ. ಒತ್ತುವಾಗ ಫೋನಿನ ನಂಬರುಗಳನ್ನೂ ಫೋಟೋಗಳನ್ನೂ ನೋಡಲು ಅನುಮತಿ ಕೊಟ್ಟಿರುತ್ತೇವೆ. ಕಂತು ತಪ್ಪಿದರೆ ಸಾಲಗಾರನ, ಅವನ ಹೆಂಡತಿಯ ಮುಖವನ್ನು ಬತ್ತಲೆ ಮೈಗೆ ಅಂಟಿಸಿ ಬೀಗರಿಗೆಲ್ಲ ಕಳಿಸುವುದು. ಈ ಹಿಂಸೆಗೆ ಜೀವ ಕಳೆದುಕೊಂಡವರೂ ಇದ್ದಾರೆ. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರ್‌ನಲ್ಲಿ ನಿಯಮ ಹೊರಡಿಸಿ, ಸಾಲದ ಆ್ಯಪು ಫೋನಿನ ಫೋಟೋ, ನಂಬರು ಪಟ್ಟಿ, ಕರೆಗಳ ದಾಖಲೆ ಮುಟ್ಟಕೂಡದು ಎಂದಿತು. ನಿಯಮ ಪಾಲಿಸದ ಕಳ್ಳ ಆ್ಯಪುಗಳ ಬಗ್ಗೆ ನಾವೇ ಎಚ್ಚರವಿರಬೇಕು. ಫೋಟೋ ನೋಡಲು ಅನುಮತಿ ಕೇಳುವ ಸಾಲ ಸಾಲವೇ ಅಲ್ಲ, ಗಾಳ.

ಕಾನೂನು ಏನನ್ನುತ್ತದೆ?

ಮಂದಿ ತಿಳಿದಂತೆ ಬತ್ತಲೆ ಎಲ್ಲ ಅಶ್ಲೀಲ ಎಂದು ನಮ್ಮ ಕೋರ್ಟುಗಳು ಹೇಳಿಲ್ಲ. ಟೆನಿಸ್ ಆಟಗಾರ ಬೋರಿಸ್ ಬೆಕರ್ ತಾನು ಮದುವೆಯಾಗಲಿದ್ದ ಹುಡುಗಿಯ ಜೊತೆ ಬತ್ತಲೆ ನಿಂತ ಫೋಟೋ ಒಂದು ಜರ್ಮನ್ ಪತ್ರಿಕೆಯಲ್ಲಿ ಬಂದು, ಕಲ್ಕತ್ತೆಯ ಪತ್ರಿಕೆಗಳಲ್ಲೂ ಅಚ್ಚಾಯಿತು. ಫೋಟೋ ತೆಗೆದವರು ಹುಡುಗಿಯ ತಂದೆಯೇ. ಬಿಳಿ-ಕರಿ ಎಂಬ ಭೇದ ಬೇಡ ಎಂಬುದು ಅದರ ಸಂದೇಶ. 2014ರಲ್ಲಿ ಸುಪ್ರೀಂ ಕೋರ್ಟು ಬತ್ತಲೆ ಚಿತ್ರ ಎಂಬ ಒಂದೇ ಕಾರಣಕ್ಕೆ ಅದು ಅಶ್ಲೀಲವಾಗದು ಎಂದು ತೀರ್ಪಿತ್ತಿತು. 2023ರ ಜೂನ್‌ನಲ್ಲಿ ಕೇರಳ ಹೈಕೋರ್ಟು ಸಹ, ಮಕ್ಕಳಿಂದ ತನ್ನ ಬರಿ ಮೈಮೇಲೆ ಚಿತ್ರ ಬರೆಸಿಕೊಂಡ ತಾಯಿಯೊಬ್ಬಳನ್ನು ಬಿಡುಗಡೆ ಮಾಡಿ, ಬತ್ತಲೆಯೂ ಅಶ್ಲೀಲವೂ ಒಂದೇ ಅಲ್ಲವೆಂದಿತು.

ಹಾಗೆಂದು ಎಲ್ಲಿ ಬೇಕಾದರೂ ಬತ್ತಲೆ ತಿರುಗಬಹುದೆಂದಲ್ಲ. ಗೋವಾದ ದಂಡೆಗಳಲ್ಲಿ ನಿಷೇಧದ ಫಲಕಗಳು ನೆಟ್ಟಿದ್ದು ಹಳೆಯ ಮಾತು. 2020ರ ನವೆಂಬರ್‌ನಲ್ಲಿ ನಟ ಮಿಲಿಂದ್ ಸೋಮನ್ ಗೋವಾದ ದಂಡೆಯಲ್ಲಿ ಬತ್ತಲೆ ಓಡಿದ ಫೋಟೋ ಹಾಕಿದಾಗ ಪೊಲೀಸರು ಪ್ರಕರಣ ದಾಖಲಿಸಿದರು. ಓಡಿದ್ದನ್ನು ಕಂಡವರು ಎಷ್ಟು ಜನರೋ, ಫೋಟೋ ಕಂಡವರು ಲಕ್ಷಾಂತರ.

ಆದರೆ ಬೇರೆಯವರ ಮೈಯನ್ನು ಅವರ ಒಪ್ಪಿಗೆಯಿಲ್ಲದೆ ಚಿತ್ರ ತೆಗೆಯುವುದರ ಬಗ್ಗೆ ಕಾನೂನು ಸ್ಪಷ್ಟವಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು 2009ರಿಂದ ಜಾರಿಯಲ್ಲಿದೆ. ವ್ಯಕ್ತಿಯ ಗುಪ್ತ ಅಂಗಾಂಗಗಳ ಚಿತ್ರವನ್ನು ಆತನ ಅಥವಾ ಆಕೆಯ ಒಪ್ಪಿಗೆ ಇಲ್ಲದೆ, ಖಾಸಗಿತನಕ್ಕೆ ಧಕ್ಕೆಯಾಗುವಂತೆ ತೆಗೆದರೂ, ಪ್ರಕಟಿಸಿದರೂ, ಮುಂದಕ್ಕೆ ಕಳಿಸಿದರೂ ಮೂರು ವರ್ಷದವರೆಗೆ ಸಜೆ, ಇಲ್ಲವೆ ಎರಡು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಜಾಗ ಸಾರ್ವಜನಿಕವಾಗಿತ್ತು ಎಂಬ ಮಾತ್ರಕ್ಕೆ ತಪ್ಪಿಸಿಕೊಳ್ಳಲಾಗದು ಎಂಬುದನ್ನು ಆ ಕಲಮಿನ ವಿವರಣೆಯೇ ಹೇಳುತ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು ಹೆಂಗಸಿನ ಖಾಸಗಿ ಸಮಯವನ್ನು ಇಣುಕಿ ನೋಡುವವನಿಗೂ ಚಿತ್ರ ತೆಗೆಯುವವನಿಗೂ ಒಂದರಿಂದ ಮೂರು ವರ್ಷ ಸಜೆ ಹೇಳುತ್ತದೆ. ಎರಡನೇ ಸಲವಾದರೆ ಏಳು ವರ್ಷದವರೆಗೆ. ಅದರಲ್ಲಿ ಇನ್ನೊಂದು ಮುಖ್ಯ ಮಾತಿದೆ. ಚಿತ್ರ ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ ಹಂಚಿದ್ದು ಅಪರಾಧವೇ. ಗಂಡ-ಹೆಂಡತಿ, ಪ್ರೀತಿಸಿದವರು ಎಂಬ ವಿನಾಯಿತಿ ಅಲ್ಲಿಲ್ಲ.

ಇದಕ್ಕೆಲ್ಲ ಬುನಾದಿ 2017ರ ಆಗಸ್ಟ್ 24ರ ತೀರ್ಪು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಪ್ರಕರಣ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಇನ್ನು ಗೋವಾದ ಪ್ರವಾಸೋದ್ಯಮ ಇಲಾಖೆ 2023ರ ಜನವರಿಯಲ್ಲೇ, ಬಿಸಿಲು ಕಾಯಿಸುವ ಅಥವಾ ಈಜುವ ಪ್ರವಾಸಿಗರ ಫೋಟೋವನ್ನು ಕೇಳದೆ ತೆಗೆಯಬೇಡಿ ಎಂದು ಸೂಚನೆ ಹೊರಡಿಸಿತ್ತು. ನಮ್ಮ ಹುಡುಗರು ಓದಿರಲಿಲ್ಲ, ಅಷ್ಟೇ.

ನಮ್ಮ ಹೊಳೆ ದಂಡೆಗೆ ಬಂತು

ಇಲ್ಲಿಯವರೆಗೂ ಇದು ಪರದೇಶದವಳ ಮಾತು, ನಮಗೇನು ಎನ್ನುವವರಿಗೆ ಮುಂದಿನದನ್ನು ಹೇಳಬೇಕು.

ದೀಪಾವಳಿಯಾಗಿ ಒಂದೆರಡು ಅಮಾವಾಸ್ಯೆ ಕಳೆದಿರಬೇಕು, ಅದೇ ವಾಟ್ಸಾಪ್ ಗುಂಪಿಗೆ ಇನ್ನೊಂದು ವಿಡಿಯೋ ಬಂತು. ಭೀಮಾ ತೀರದ ಒಂದು ಕ್ಷೇತ್ರದಲ್ಲಿ ಹೆಂಗಸರು ಮುಳುಗು ಹಾಕಿ ಸೀರೆ ಬದಲಿಸುತ್ತಿದ್ದದ್ದು. ಮೊದಲು ಒಂದೆರಡು ನಗೆಯ ಗುರುತು ಬಿದ್ದವು. ಆಮೇಲೆ ಗುಂಪು ತಟ್ಟನೆ ತಣ್ಣಗಾಯಿತು. ಅದರಲ್ಲೊಬ್ಬಾಕೆ ನಮ್ಮ ಓಣಿಯ ಅಕ್ಕ. ಅಣ್ಣನ ಮಗನನ್ನು ಎತ್ತಿ ಆಡಿಸಿದಾಕೆ.

ಹುಡುಗ ರಾತ್ರಿ ಮನೆಗೆ ಬಂದ. ಕೂರಲಿಲ್ಲ. "ಕಾಕಾ, ಅಳಿಸ್ರಿ ಅಂತ ಎಲ್ಲಾರಿಗೂ ಹೇಳಿನ್ರಿ. ಅಳಿಸಿದ್ರ ಮುಗೀತೇನ್ರಿ?" ಎಂದ. ಮುಗಿಯೋದಿಲ್ಲಪ್ಪ ಎಂದೆ.

ಇದು ನಮ್ಮೂರಿನದಷ್ಟೇ ಕತೆಯಲ್ಲ. 2025ರ ಪ್ರಯಾಗರಾಜದ ಮಹಾಕುಂಭದಲ್ಲಿ ಸ್ನಾನ ಮಾಡುವ ಹೆಂಗಸರ ವಿಡಿಯೋಗಳನ್ನು ಇನ್‌ಸ್ಟಾಗ್ರಾಂ, ಟೆಲಿಗ್ರಾಂಗಳಲ್ಲಿ ಹಾಕಿ ಮಾರುತ್ತಿದ್ದದ್ದು ಬಯಲಾಗಿ, ಉತ್ತರ ಪ್ರದೇಶದ ಪೊಲೀಸರು ಫೆಬ್ರವರಿಯಲ್ಲಿ ಪ್ರಕರಣ ದಾಖಲಿಸಿದರು. ಅಂಜುಣಾದ ಹೆಂಗಸು ಮತ್ತು ಹೊಳೆ ದಂಡೆಯ ಅಕ್ಕ, ಇಬ್ಬರೂ ನೀರು-ಬಿಸಿಲಿಗೆ ನಂಬಿ ಮೈ ಬಿಟ್ಟವರು. ಒಬ್ಬಾಕೆಯದನ್ನು ನೋಡಿ ನಕ್ಕ ಗುಂಪಿಗೆ ಇನ್ನೊಬ್ಬಾಕೆಯದು ಬಂದಾಗ ಸಿಟ್ಟಾಗಲು ಯಾವ ಮುಖ?

ಗಡಿಯವರ ಹೆಚ್ಚಿನ ತಾಪತ್ರಯ

ದೂರು ಕೊಡಲು ಹೋದೆವು. ಅಲ್ಲಿ ನಮಗೆ ಎದುರಾದದ್ದು ಗಡಿನಾಡಿನ ಹಳೆಯ ರೋಗ. ವಿಡಿಯೋ ತೆಗೆದದ್ದು ಹೊಳೆಯ ಆಚೆ, ಕರ್ನಾಟಕದಲ್ಲಿ. ಅಕ್ಕ ಇರುವುದು ಈಚೆ, ಮಹಾರಾಷ್ಟ್ರದಲ್ಲಿ. ಕಳಿಸಿದ ನಂಬರು ಇನ್ನೆಲ್ಲಿಯದೋ. ಈ ಠಾಣೆಯವರು "ಆಮಚೀ ಹದ್ದ ನಾಹೀ" ಎಂದರು. ಆ ಠಾಣೆಯವರು "ನಿಮ್ಮೂರಾಗ ಕೊಡ್ರಿ" ಎಂದರು. ಮೇಲೆ ಅರ್ಜಿ ಕನ್ನಡದಲ್ಲಿರಬೇಕೋ ಮರಾಠಿಯಲ್ಲಿರಬೇಕೋ ಎಂಬ ತಗಾದೆ. ಅಕ್ಕ ಬೆಂಚಿನ ಮೇಲೆ ಸೆರಗು ಮುಚ್ಚಿಕೊಂಡು ಕೂತಿದ್ದಳು.

ಪರಿಚಯದ ವಕೀಲರೊಬ್ಬರು ದಾರಿ ತೋರಿಸಿದರು. ಗಡಿಯ ಓದುಗರೆಲ್ಲ ಇದನ್ನು ಬರೆದಿಟ್ಟುಕೊಳ್ಳಬೇಕು. 2024ರ ಜುಲೈಯಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಇಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದಕ್ಕೇ ಝೀರೋ ಎಫ್‌ಐಆರ್ ಎನ್ನುವುದು. ಹದ್ದಿನ ಮಾತು ಆಮೇಲೆ. ಮಿಂಚಂಚೆಯಂಥ ದಾರಿಯಿಂದಲೂ ಮಾಹಿತಿ ಕೊಡಬಹುದು, ಮೂರು ದಿನದೊಳಗೆ ಸಹಿ ಹಾಕಬೇಕು. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಂಗಸರು, ಮಕ್ಕಳ ದೂರಿಗೆ ಬೇರೆ ಭಾಗವೇ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕರಣವನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ, ಆದ್ದರಿಂದ ಇನ್‌ಸ್ಪೆಕ್ಟರರನ್ನೇ ಕಾಣುವುದು ಮೇಲು. ಇಂಥ ಚಿತ್ರವಿದ್ದ ಕಂಪನಿಗೂ ದೂರು ಕೊಡಬೇಕು. ನೊಂದವರು ದೂರು ಕೊಟ್ಟ 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ನಿಯಮಗಳೇ ಕಂಪನಿಗಳ ಮೇಲೆ ಹೊಣೆ ಹೊರಿಸಿದವು.

ಸಾಕ್ಷಿಯ ವಿಷಯದಲ್ಲಿ ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಸಿಟ್ಟಿನಲ್ಲಿ ಎಲ್ಲರಿಂದಲೂ ಅಳಿಸಿಬಿಟ್ಟೆವು. ಯಾರ ನಂಬರಿನಿಂದ ಬಂತು, ಎಷ್ಟು ಗಂಟೆಗೆ ಬಂತು, ಗುಂಪಿನ ಹೆಸರೇನು, ಇಷ್ಟನ್ನು ಮೊದಲು ತೆರೆಯ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಒಂದು ಫೋನನ್ನು ಹಾಗೇ ಇಟ್ಟು ಪೊಲೀಸರಿಗೆ ತೋರಿಸಬೇಕು. ಆದರೆ 'ನೋಡ್ರಿ ಎಂಥಾ ಅನ್ಯಾಯ' ಎಂದು ವಿಡಿಯೋವನ್ನು ಇನ್ನೊಬ್ಬರಿಗೆ ಕಳಿಸಕೂಡದು. ಕಳಿಸಿದವನೂ ಅಪರಾಧಿಯೇ.

ನಮ್ಮ ಪ್ರಕರಣ ದಾಖಲಾಗಿದೆ. ತೆಗೆದವನು ಇನ್ನೂ ಸಿಕ್ಕಿಲ್ಲ. ಕಾನೂನು ಪುಸ್ತಕದಲ್ಲಿ ಗಟ್ಟಿಯಿದೆ, ಠಾಣೆಯ ಮೆಟ್ಟಿಲ ಮೇಲೆ ಸಡಿಲಾಗುತ್ತದೆ. ಎರಡು ರಾಜ್ಯಗಳ ಗಡಿ ಠಾಣೆಗಳಲ್ಲಿ ಎರಡೂ ಭಾಷೆಯಲ್ಲಿ ಇಂಥ ದೂರು ಸ್ವೀಕರಿಸುವ ಏರ್ಪಾಟು ಆಗಬೇಕು. ನೀರಿನ ಪಾಲಿಗೆ ಸಭೆ ಸೇರುವ ಸರ್ಕಾರಗಳು ಇದಕ್ಕೆ ಒಂದು ಸುತ್ತೋಲೆಯನ್ನಾದರೂ ಹೊರಡಿಸಲಿ. ಹೊಳೆ ದಂಡೆಯ ಕ್ಷೇತ್ರಗಳಲ್ಲಿ ಹೆಂಗಸರು ಬಟ್ಟೆ ಬದಲಿಸಲು ಗೋಡೆಯುಳ್ಳ ಕೋಣೆ ಕಟ್ಟಿಸುವುದು ಪಂಚಾಯತಿಗಳ ಕೈಯಲ್ಲೇ ಇದೆ.

ಅಕ್ಕ ಒಂದೆರಡು ಅಮಾವಾಸ್ಯೆ ಹೊಳೆಗೆ ಹೋಗಲಿಲ್ಲ. "ಮೂವತ್ತು ವರ್ಷ ತಪ್ಪಿಸಿದ್ದಿಲ್ರಿ ಅಣ್ಣಾ" ಎಂದಳು, ಅಷ್ಟೇ. ಅದಾದ ಮೇಲೆ ನಾವು ಕೆಲವು ವ್ಯಾಪಾರಿಗಳು ಸೇರಿ ದಂಡೆಯ ಮೇಲೆ ತಗಡಿನ ಫಲಕ ನೆಡಿಸಿದೆವು. ಹೆಂಗಸರು ಸ್ನಾನ ಮಾಡುವಲ್ಲಿ ಮೊಬೈಲ್ ಹೊರತೆಗೆಯಬಾರದು ಎಂದು ಕನ್ನಡದಲ್ಲಿ ಮೇಲೆ, ಮರಾಠಿಯಲ್ಲಿ ಕೆಳಗೆ. ಬಣ್ಣದ ದುಡ್ಡು ಕೊಟ್ಟವನು ಅಣ್ಣನ ಮಗ. ಗೋವಾದ ವಿಡಿಯೋ ಅಳಿಸಿದ್ದೇನೆ ಎಂದ. ಯಾರ್ಯಾರಿಗೆ ಕಳಿಸಿದ್ದನೋ ಅವರಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿ ಅಳಿಸಲು ಹೇಳಿದ್ದಾನೆ. ನಮ್ಮ ಕಾಲದಲ್ಲಿ ಒಂದು ರೋಲ್ ಬಿಚ್ಚಿ ಕೊಟ್ಟಿದ್ದರೆ ಸಾಕಿತ್ತು. ನಾವು ಅಷ್ಟನ್ನೂ ಮಾಡಲಿಲ್ಲ.